ಬೀಗ ಹಾಗೆಯೇ ಇತ್ತು, ಬೆಳ್ಳಿ ಇರಲಿಲ್ಲ

ಮೈಸೂರು ಪಾಕ್ ಪುಡಿಯಾಗಬಾರದು ಎಂದು ಕೈಚೀಲದಲ್ಲಿ ಇಟ್ಟುಕೊಂಡೆವು. ಬೆಳ್ಳಿ ಒಡೆಯುವ ವಸ್ತುವಲ್ಲವಲ್ಲ ಎಂದು ಸೂಟ್‌ಕೇಸಿಗೆ ಹಾಕಿದೆವು. ನಮ್ಮ ಕಥೆಯ ಮೂರ್ಖತನವೆಲ್ಲ ಈ ಎರಡು ವಾಕ್ಯಗಳಲ್ಲಿದೆ.

2025ರ ಫೆಬ್ರವರಿ. ಉತ್ತರದ ಊರೊಂದರಲ್ಲಿ ಮಗ ಮನೆ ಕೊಂಡಿದ್ದ, ಗೃಹಪ್ರವೇಶ. ಮೈಸೂರಿನಿಂದ ಹೊರಟ ನಾವಿಬ್ಬರೂ ಮಧ್ಯೆ ಒಂದು ಕಡೆ ವಿಮಾನ ಬದಲಿಸಬೇಕಿತ್ತು. ಮೂರು ನಿಲ್ದಾಣಗಳಲ್ಲಿ ಎಲ್ಲಿ ಕೈಹಾಕಿದರೋ ಇಂದಿಗೂ ಗೊತ್ತಾಗಿಲ್ಲ, ಹಾಗಾಗಿ ಯಾವ ನಿಲ್ದಾಣದ ಹೆಸರನ್ನೂ, ವಿಮಾನ ಸಂಸ್ಥೆಯ ಹೆಸರನ್ನೂ ಎತ್ತುವುದಿಲ್ಲ. ಕ್ಯಾಬಿನ್ ಚೀಲಕ್ಕೆ ಏಳು ಕಿಲೋ ಮಿತಿ. ಅದರಲ್ಲಿ ಮೈಸೂರು ಪಾಕ್, ಹುಳಿಪುಡಿ, ನನ್ನ ಮಾತ್ರೆಗಳು. ಸೂಟ್‌ಕೇಸಿನಲ್ಲಿ ಪಂಚೆ ಸೀರೆಗಳ ನಡುವೆ ಸೊಸೆಗೆಂದು ಒಯ್ದ ಪೂಜೆಯ ಬೆಳ್ಳಿ.

ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದವನು, ಕೊನೆಯ ಹನ್ನೆರಡು ವರ್ಷ ಚಿನ್ನದ ಸಾಲದ ಮೇಜಿನಲ್ಲಿ. ಒಡವೆ ಕೈಗೆ ಬಂದರೆ ಮೊದಲು ತಕ್ಕಡಿ, ಆಮೇಲೆ ಮಾತು. ನಿವೃತ್ತನಾದ ಮೇಲೂ ಆ ಚಟ ಬಿಟ್ಟಿಲ್ಲ. ಹೊರಡುವ ಹಿಂದಿನ ರಾತ್ರಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೇ ಇಟ್ಟು ಡೈರಿಯಲ್ಲಿ ಬರೆದಿದ್ದೆ: ದೀಪದ ಕಂಬ ಜೋಡಿ 910 ಗ್ರಾಂ, ಊಟದ ತಟ್ಟೆ 430, ಚೊಂಬು 340, ಆರತಿ ತಟ್ಟೆ 285, ಪಂಚಪಾತ್ರೆ ಮತ್ತು ಉದ್ಧರಣೆ 145, ಕುಂಕುಮದ ಬಟ್ಟಲು 120. ಒಟ್ಟು 2,230 ಗ್ರಾಂ. ಕಿಲೋಗೆ ಸುಮಾರು 95 ಸಾವಿರ ಇದ್ದ ಆ ದಿನಗಳ ದರದಲ್ಲಿ ಎರಡು ಲಕ್ಷ ದಾಟುತ್ತಿತ್ತು. "ಸೊಸೆಗೆ ಕೊಡುವುದನ್ನೂ ತೂಗಿ ಕೊಡುತ್ತೀರಾ?" ಎಂದು ನನ್ನಾಕೆ ಮುಖ ಸಿಂಡರಿಸಿದ್ದಳು. ಆದರೆ ಅವಳೂ ಒಂದು ಕೆಲಸ ಮಾಡಿದ್ದಳು. ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿ, ಫೋಟೋ ತೆಗೆದು, ಸೊಸೆಯ ವಾಟ್ಸ್‌ಆಪಿಗೆ ಕಳಿಸಿದ್ದಳು. ಅವಳು ತೋರಿಸಲೆಂದು ಮಾಡಿದ್ದು, ನಾನು ಚಟಕ್ಕೆ ಮಾಡಿದ್ದು, ಎರಡೂ ಕೊನೆಗೆ ನಮ್ಮ ಸಾಕ್ಷಿಯಾದವು.

ಇಳಿದ ಊರಿನಲ್ಲಿ ಬೆಲ್ಟಿನ ಮೇಲೆ ಸೂಟ್‌ಕೇಸ್ ಬಂತು. ಬೀಗ ಭದ್ರ. ಎತ್ತಿದವಳು ನನ್ನಾಕೆ. "ರೀ, ಇದು ಹಗುರ ಇದೆ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಬೀಗ ತೆಗೆಯುವ ಮೊದಲು ಜಿಪ್ಪನ್ನು ಬೆಳಕಿಗೆ ಹಿಡಿದು ನೋಡಿದೆ. ಜಿಪ್ಪಿನ ಎರಡು ಗುಂಡಿಗಳನ್ನು ಸೇರಿಸಿ ಅಂಕಿಬೀಗ ಹಾಕಿದರೆ ಪೆಟ್ಟಿಗೆ ಭದ್ರವಾಯಿತು ಎಂದು ನಾವು ತಿಳಿದುಕೊಳ್ಳುತ್ತೇವೆ. ಆದರೆ ಜಿಪ್ಪಿನ ಹಲ್ಲುಗಳ ನಡುವೆ ಬಾಲ್‌ಪೆನ್ನಿನ ತುದಿಯನ್ನು ಒತ್ತಿದರೆ ಸಾಲು ಅಲ್ಲಿಯೇ ಬಾಯಿ ಬಿಡುತ್ತದೆ. ಕೈ ತೂರಿಸಿ ಬೇಕಾದದ್ದನ್ನು ತೆಗೆದು, ಬೀಗದ ಸಮೇತ ಆ ಎರಡು ಗುಂಡಿಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರೆ ಹಲ್ಲುಗಳು ಮತ್ತೆ ಕಚ್ಚಿಕೊಳ್ಳುತ್ತವೆ. ಒಂದು ನಿಮಿಷದ ಕೆಲಸ. ನಮ್ಮ ಜಿಪ್ಪಿನಲ್ಲಿ ಹಿಡಿಕೆಯ ಬಲಕ್ಕೆ ಗೇಣುದ್ದ ಜಾಗದಲ್ಲಿ ಹಲ್ಲುಗಳು ಸ್ವಲ್ಪ ಸೊಟ್ಟಗಿದ್ದವು, ಅಲ್ಲೇ ಸಾಸಿವೆಯಷ್ಟು ನೀಲಿ ಶಾಯಿಯ ಚುಕ್ಕೆ. ಬೀಗವನ್ನು ನಾನು ಮೈಸೂರಿನಲ್ಲಿ ಬಲಮೂಲೆಗೆ ಬಿಟ್ಟಿದ್ದೆ, ಈಗ ಅದು ಎಡಮೂಲೆಯಲ್ಲಿತ್ತು. ಮೂರರ ಫೋಟೋವನ್ನೂ ಅಲ್ಲೇ ತೆಗೆದೆ, ಆಮೇಲೆ ಬೀಗ ತೆರೆದೆ. ಸೀರೆಗಳು ಮಡಿಕೆ ಕೆಡದೆ ಇದ್ದವು. ಬೆಳ್ಳಿಯೂ ಇಲ್ಲ, ಅದನ್ನು ತುಂಬಿದ್ದ ಸ್ಟೀಲ್ ಡಬ್ಬಿಯೂ ಇಲ್ಲ.

ಇಲ್ಲಿಂದ ಮುಂದಿನ ಒಂದು ಗಂಟೆಯೇ ಇಡೀ ಪ್ರಕರಣ. ಹೊರಗೆ ಮಗ ಕಾಯುತ್ತಿದ್ದ, ಫೋನ್ ಮೇಲೆ ಫೋನ್. "ಅಪ್ಪಾ, ಹೊರಗೆ ಬನ್ನಿ, ಮನೆಗೆ ಹೋಗಿ ಇ-ಮೇಲ್ ಮಾಡೋಣ" ಎಂದ. ಬ್ಯಾಗೇಜ್ ಮೇಜಿನಲ್ಲಿದ್ದ ಹುಡುಗನೂ ಅದನ್ನೇ ಹೇಳಿದ. ನಾನು ಕದಲಲಿಲ್ಲ. ಬಾಗಿಲು ದಾಟಿ ಹೊರಗೆ ಹೋದ ಮೇಲೆ "ಮನೆಯಲ್ಲಿ ನೀವೇ ತೆಗೆದಿಟ್ಟಿರಬಹುದು" ಎಂದರೆ ನನ್ನ ಬಳಿ ಉತ್ತರವಿರುವುದಿಲ್ಲ.

ಮೊದಲು ಕೇಳಿದ್ದು ತಕ್ಕಡಿಯನ್ನು. "ಇಲ್ಲಿ ತೂಗುವ ಪದ್ಧತಿ ಇಲ್ಲ" ಎಂದ. ಹಾಗೆಂದು ಬರೆದು ಸಹಿ ಮಾಡಿಕೊಡಿ ಎಂದೆ. ಕಾಲು ಗಂಟೆಯ ನಂತರ ಒಬ್ಬ ಮೇಲ್ವಿಚಾರಕಿ ಬಂದು, ಅವರದೇ ತಕ್ಕಡಿಯಲ್ಲಿ ಸೂಟ್‌ಕೇಸ್ ಇಡಿಸಿದರು. 12.3 ಕಿಲೋ. ಚೆಕ್-ಇನ್ ಮಾಡುವಾಗ ಕೌಂಟರಿನ ಪರದೆ ತೋರಿಸಿದ್ದು 14.8, ಅದೂ ನನ್ನ ಡೈರಿಯಲ್ಲಿತ್ತು. ಅವರ ಟ್ಯಾಗಿನಲ್ಲಿ ಪೂರ್ಣಾಂಕಕ್ಕೆ ಸರಿಸಿ 15 ಎಂದು ಮುದ್ರಿಸಿದ್ದರು. ಎರಡೂವರೆ ಕಿಲೋ ವ್ಯತ್ಯಾಸ. ಬೆಳ್ಳಿ, ಡಬ್ಬಿ, ಸುತ್ತಿದ ಬಟ್ಟೆ ಸೇರಿಸಿದರೆ ನನ್ನ ಲೆಕ್ಕಕ್ಕೆ ಹತ್ತಿರ ಹತ್ತಿರ ಕೂಡಿಬರುತ್ತಿತ್ತು. ತಕ್ಕಡಿಯ ಅಂಕಿ, ಸೂಟ್‌ಕೇಸು, ಟ್ಯಾಗು ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೋ ತೆಗೆದೆ.

ಆಮೇಲೆ ಪಿಐಆರ್. ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್, ಅಂದರೆ ಸಾಮಾನು ಕಳೆದಾಗ ಅಥವಾ ಹಾಳಾದಾಗ ನಿಲ್ದಾಣದಲ್ಲೇ ಬರೆಸುವ ವರದಿ. ಈ ಕಾಗದಕ್ಕೆ ಹತ್ತು ಅಕ್ಷರ ಅಂಕಿಗಳ ಒಂದು ಸಂಖ್ಯೆ ಇರುತ್ತದೆ: ಮೊದಲ ಮೂರು ನಿಲ್ದಾಣದ ಸಂಕೇತ, ಮುಂದಿನ ಎರಡು ವಿಮಾನ ಸಂಸ್ಥೆಯದು, ಉಳಿದ ಐದು ಅಂಕಿ. ಈ ಸಂಖ್ಯೆ ಇಲ್ಲದ ಬಿಳಿ ಹಾಳೆಯ ಮೇಲಿನ ಮನವಿ ಯಾವ ಲೆಕ್ಕಕ್ಕೂ ಇಲ್ಲ. ಹುಡುಗ "ಡ್ಯಾಮೇಜ್" ಎಂಬ ಕಲಂಗೆ ಗುರುತು ಹಾಕಿ ನನ್ನ ಮುಂದೆ ಸರಿಸಿದ. ಸೂಟ್‌ಕೇಸ್ ಹಾಳಾದದ್ದು ಬೇರೆ, ಒಳಗಿನದು ಕಳುವಾದದ್ದು ಬೇರೆ. "ಪಿಲ್ಫರೇಜ್", ಅಂದರೆ ಒಳಗಿನ ವಸ್ತುವಿನ ಕಳವು ಎಂದು ಬರೆಸಿ, ವಸ್ತುಗಳ ಪಟ್ಟಿಯನ್ನೂ ಎರಡು ತೂಕಗಳನ್ನೂ ಸೇರಿಸಿದ ಮೇಲೆಯೇ ಸಹಿ ಹಾಕಿದೆ.

ನಿಲ್ದಾಣದ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ಇನ್ನೂ ಒಂದೂವರೆ ಗಂಟೆ. "ಕಳುವಾದದ್ದು ಇಲ್ಲಿಯೇ ಎಂದು ಹೇಗೆ ಹೇಳುತ್ತೀರಿ? ಹೊರಟ ಊರಿನಲ್ಲಿ ದೂರು ಕೊಡಿ" ಎಂದರು. ನ್ಯಾಯವಾದ ಪ್ರಶ್ನೆ, ಆದರೆ ತಪ್ಪು ಉತ್ತರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಯಾವ ಪ್ರದೇಶದಲ್ಲೇ ನಡೆದಿರಲಿ, ಠಾಣೆ ಮಾಹಿತಿಯನ್ನು ದಾಖಲಿಸಬೇಕು. ಜನ ಇದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ. ದಾಖಲಿಸದಿದ್ದರೆ ಅದೇ ಕಲಂನ ಅಡಿಯಲ್ಲಿ ಲಿಖಿತ ದೂರನ್ನು ಅಂಚೆಯ ಮೂಲಕ ಎಸ್‌ಪಿಗೆ ಕಳಿಸಬಹುದು. ಕಲಂ ಸಂಖ್ಯೆಯನ್ನು ನಾನು ಮೆಲ್ಲಗೆ ಹೇಳಿದೆ. ಬ್ಯಾಂಕಿನಲ್ಲಿ ಕಲಿತದ್ದು ಇದು: ಸಂಖ್ಯೆಯನ್ನು ಕಿರುಚಿ ಹೇಳಿದರೆ ಜಗಳ, ಮೆಲ್ಲಗೆ ಹೇಳಿದರೆ ಕೆಲಸ. ಎಫ್‌ಐಆರ್ ಪ್ರತಿ ಉಚಿತವಾಗಿ ಕೈಗೆ ಬಂತು. ಬೆಳ್ಳಿ ಸಿಗುತ್ತದೆ ಎಂಬ ಭ್ರಮೆ ನನಗೆ ಆಗಲೂ ಇರಲಿಲ್ಲ. ಎಫ್‌ಐಆರ್ ಬೇಕಾಗಿದ್ದದ್ದು ಮುಂದಿನ ಪತ್ರಗಳಿಗೆ ಲಗತ್ತಿಸಲು.

ಅಂದು ರಾತ್ರಿಯೇ ವಿಮಾನ ಸಂಸ್ಥೆಗೂ ಮೂರು ನಿಲ್ದಾಣಗಳಿಗೂ ಇ-ಮೇಲ್ ಕಳಿಸಿ, ಸೂಟ್‌ಕೇಸ್ ಸಾಗಿದ ದಾರಿಯ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಉಳಿಸಿಡಿ ಎಂದು ಕೇಳಿದೆ. ನಮಗೆ ತೋರಿಸುವುದಿಲ್ಲ, ಪೊಲೀಸರು ಕೇಳಬೇಕು. ಆದರೆ ದೃಶ್ಯಗಳು ಹೆಚ್ಚು ದಿನ ಉಳಿಯುವುದಿಲ್ಲ, ಕೇಳಿದ್ದಕ್ಕೆ ದಿನಾಂಕವಿರುವ ಪುರಾವೆ ಬೇಕು. ವಿಮಾನ ಸಂಸ್ಥೆಗೆ ಏಳು ದಿನದೊಳಗೆ ಲಿಖಿತ ದೂರು ಕೊಡಬೇಕೆಂಬ ನಿಯಮವೂ ಈ ಇ-ಮೇಲಿನಿಂದಲೇ ತೀರಿತು. ಪಿಐಆರ್ ಆಗಿದೆಯಲ್ಲ ಎಂದು ಸುಮ್ಮನಿದ್ದು ಈ ಏಳು ದಿನವನ್ನು ಕಳೆದುಕೊಂಡವರನ್ನು ಆಮೇಲೆ ಭೇಟಿಯಾಗಿದ್ದೇನೆ.

ಗೃಹಪ್ರವೇಶಕ್ಕೆ ಪಕ್ಕದ ಮನೆಯ ತಮಿಳು ಅಜ್ಜಿ ತಮ್ಮ ಹಿತ್ತಾಳೆ ದೀಪಗಳನ್ನು ಕೊಟ್ಟರು. ಪುರೋಹಿತರು ಏನೂ ಅನ್ನಲಿಲ್ಲ.

ಮೂರು ವಾರದ ಮೇಲೆ ವಿಮಾನ ಸಂಸ್ಥೆಯಿಂದ ಉತ್ತರ ಬಂತು. ಬೆಲೆಬಾಳುವ ವಸ್ತುಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಇಡಬಾರದೆಂದು ಪ್ರಯಾಣದ ಷರತ್ತುಗಳಲ್ಲಿಯೇ ಇದೆ, ಆದರೂ ಸೌಹಾರ್ದದ ಸಂಕೇತವಾಗಿ ಕಿಲೋಗೆ 350 ರೂಪಾಯಿಯಂತೆ ಎರಡೂವರೆ ಕಿಲೋಗೆ 875 ರೂಪಾಯಿ. ನನ್ನಾಕೆ ಆ ಪತ್ರವನ್ನು ಎರಡು ಸಲ ಓದಿಸಿಕೊಂಡಳು. "ಈರುಳ್ಳಿ ತೂಗಿದ ಹಾಗೆ ತೂಗಿದ್ದಾರಲ್ಲ!" ಎಂದಳು. ಷರತ್ತಿನ ವಿಷಯದಲ್ಲಿ ಅವರ ಮಾತು ಸುಳ್ಳಲ್ಲ, ಅದನ್ನು ನಾನು ಓದದೆ ಒಪ್ಪಿಗೆಯ ಗುರುತು ಒತ್ತಿದ್ದೆ.

ಆದರೆ ಆ ಪತ್ರದಲ್ಲಿ ಒಂದು ಚಿನ್ನದಂಥ ಸಾಲಿತ್ತು. "ಎರಡೂವರೆ ಕಿಲೋ" ಎಂದು ಅವರೇ ಬರೆದಿದ್ದರು. ಅಷ್ಟು ತೂಕ ತಮ್ಮ ವಶದಲ್ಲಿದ್ದಾಗ ಕಾಣೆಯಾಯಿತು ಎಂದು ತಮಗರಿವಿಲ್ಲದೆ ಒಪ್ಪಿಕೊಂಡಂತಾಯಿತು.

ಕಾನೂನಿನ ಲೆಕ್ಕ ಇಲ್ಲಿ ಸ್ವಲ್ಪ ಕಹಿ. ದೇಶದೊಳಗಿನ ಪ್ರಯಾಣದಲ್ಲಿ ಸಾಮಾನಿನ ನಷ್ಟಕ್ಕೆ ವಿಮಾನ ಸಂಸ್ಥೆಯ ಹೊಣೆ ಒಬ್ಬ ಪ್ರಯಾಣಿಕನಿಗೆ 20,000 ರೂಪಾಯಿಗೆ ಸೀಮಿತ. ಇದೇ ಸೂಟ್‌ಕೇಸ್ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಹೋಗಿದ್ದರೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯವಾಗುತ್ತಿತ್ತು. ಭಾರತ ಅದಕ್ಕೆ ಸೇರಿದ್ದು 2009ರಲ್ಲಿ. 2024ರ ಡಿಸೆಂಬರ್ 28ರಿಂದ ಅದರ ಮಿತಿ 1,519 ಎಸ್‌ಡಿಆರ್, ನಮ್ಮ ರೂಪಾಯಿಯಲ್ಲಿ ಆಗ ಒಂದೂಮುಕ್ಕಾಲು ಲಕ್ಷದ ಆಸುಪಾಸು. ಎಸ್‌ಡಿಆರ್ ಎಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ, ಯಾರ ಜೇಬಿನಲ್ಲೂ ಸಿಗುವ ನಾಣ್ಯವಲ್ಲ. ಹೆಚ್ಚಿನ ಬೆಲೆಯ ಸಾಮಾನಾದರೆ ಚೆಕ್-ಇನ್ ಮಾಡುವಾಗಲೇ ಬೆಲೆ ಘೋಷಿಸಿ, ಅವರು ಕೇಳಿದಷ್ಟು ಹೆಚ್ಚುವರಿ ಹಣ ಕಟ್ಟಿ ಈ ಮಿತಿಯನ್ನು ಏರಿಸಿಕೊಳ್ಳುವ ಅವಕಾಶ ಒಪ್ಪಂದದಲ್ಲಿದೆ. ಕೌಂಟರಿನಲ್ಲಿ ಇದನ್ನು ತಾವಾಗಿ ಹೇಳಿದವರನ್ನು ನಾನಂತೂ ಕಂಡಿಲ್ಲ. ಸಿಬ್ಬಂದಿಯೇ ಬೇಕೆಂದು ನಷ್ಟ ಮಾಡಿದ್ದು ಸಾಬೀತಾದರೆ ಈ ಮಿತಿ ಅನ್ವಯಿಸುವುದಿಲ್ಲ, ಆದರೆ ಸಾಬೀತು ಮಾಡುವ ಹೊರೆ ನಮ್ಮದು. ಕೈ ಯಾರದೆಂದೇ ಗೊತ್ತಿಲ್ಲದವನು ಏನು ಸಾಬೀತು ಮಾಡಿಯಾನು?

875ಕ್ಕೆ ಸಹಿ ಹಾಕಲಿಲ್ಲ. "ಪೂರ್ಣ ಮತ್ತು ಅಂತಿಮ" ಎಂಬ ಪದಗಳಿರುವ ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಒಂದು ರಾತ್ರಿ ಮಲಗಿ ಏಳಬೇಕು. ವಿಮಾನಯಾನ ಸಚಿವಾಲಯದ ದೂರು ಜಾಲತಾಣವಾದ ಏರ್‌ಸೇವಾದಲ್ಲಿ ದೂರು ಹಾಕಿದೆ. ವಿಮಾನ ಸಂಸ್ಥೆಯಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿ ಅದೇ ಉತ್ತರವನ್ನು ಇನ್ನೊಂದು ಅಕ್ಷರಶೈಲಿಯಲ್ಲಿ ಕಳಿಸಿದರು. ಅದರ ಮೇಲಿನ ಅಪೀಲು ಅಧಿಕಾರಿಗೆ ಬರೆದಾಗ ಮೊತ್ತ 20,000ಕ್ಕೆ ಏರಿತು. ಮಿತಿ ಪ್ರಯಾಣಿಕನ ಲೆಕ್ಕ, ಸೂಟ್‌ಕೇಸಿನ ಲೆಕ್ಕವಲ್ಲ, ಅದರಲ್ಲಿದ್ದದ್ದು ನಮ್ಮಿಬ್ಬರ ಸಾಮಾನು ಎಂದು ವಾದಿಸಿದೆ. ಟ್ಯಾಗ್ ನನ್ನ ಹೆಸರಿನಲ್ಲಿದೆ ಎಂದರು.

ವಿಮೆಯ ಬಾಗಿಲನ್ನೂ ತಟ್ಟಿದೆ. ಮನೆಯ ವಿಮಾ ಪಾಲಿಸಿಯಲ್ಲಿ ಒಡವೆಗೆ ಮನೆಯ ಹೊರಗೂ ರಕ್ಷಣೆ ಕೊಡುವ "ಆಲ್ ರಿಸ್ಕ್ಸ್" ಎಂಬ ಭಾಗವಿತ್ತು. ಪ್ರತಿವರ್ಷ ಅದನ್ನು ದುಂದುವೆಚ್ಚ ಎಂದು ಹೊಡೆದುಹಾಕುತ್ತಿದ್ದವನು ನಾನೇ.

ಕೊನೆಗೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯಿದೆಯ ಪ್ರಕಾರ ನಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರನ್ನು ಇಡದೆ ನಾನೇ ಬರೆದೆ. ಕಷ್ಟವಾದದ್ದು ಬೆಳ್ಳಿ ಇತ್ತು ಎಂದು ತೋರಿಸುವುದು. ದೀಪದ ಕಂಬಗಳಿಗೆ ಮಾತ್ರ ಅಶೋಕ ರಸ್ತೆಯ ಅಂಗಡಿಯ ರಸೀದಿ ಇತ್ತು, ಉಳಿದವು ಅತ್ತೆಯ ಕಾಲದವು. ಅತ್ತೆಯ ಕಾಲದಲ್ಲಿ ಯಾರು ರಸೀದಿ ಇಡುತ್ತಿದ್ದರು? ಮಗನ ಮುಂಜಿಯ ಆಲ್ಬಮ್ ತೆಗೆದೆ. ವಟುವಿನ ಮುಂದೆ ಅದೇ ಪಂಚಪಾತ್ರೆ, ಅಂಚಿನಲ್ಲಿ ಅದೇ ತಗ್ಗು. ಹಾಸಿಗೆಯ ಮೇಲಿನ ಫೋಟೋದಲ್ಲೂ ಆ ತಗ್ಗು ಕಾಣುತ್ತದೆ. ಎರಡನ್ನೂ ಅಕ್ಕಪಕ್ಕ ಮುದ್ರಿಸಿ, ತಗ್ಗಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಲಗತ್ತಿಸಿದೆ. ವಾಟ್ಸ್‌ಆಪ್ ಸಂದೇಶದ ದಿನಾಂಕ, ಡೈರಿಯ ಪುಟ, ಅಂಗಡಿಯವರು ಬರೆದುಕೊಟ್ಟ ಅಂದಿನ ದರದ ಚೀಟಿ, ಪಿಐಆರ್, ಎಫ್‌ಐಆರ್, ಮತ್ತು ಎಲ್ಲಕ್ಕಿಂತ ಮೇಲೆ ಆ 875ರ ಪತ್ರ.

ಪ್ರಕರಣ ಮಧ್ಯಸ್ಥಿಕೆಗೆ ಹೋಯಿತು. ಎದುರು ವಕೀಲರು ವಯಸ್ಸಿನಲ್ಲಿ ಚಿಕ್ಕವರು, ಸಭ್ಯರು. "ಒಳಗೆ ಬೆಳ್ಳಿಯೇ ಇತ್ತು ಎಂದು ಹೇಗೆ ನಂಬುವುದು ಸರ್?" ಎಂದರು. "ಅದನ್ನು ಆಮೇಲೆ ಮಾತಾಡೋಣ. ಎರಡೂವರೆ ಕಿಲೋ ಏನೋ ಒಂದು ಇತ್ತು ಎಂದು ನೀವೇ ಬರೆದಿದ್ದೀರಿ, ಅದು ಏನೆಂದು ನೀವು ಹೇಳಿ" ಎಂದೆ. ಅವರು ಪತ್ರವನ್ನು ತಿರುಗಿಸಿ ಓದಿದರು. ಎರಡನೇ ಭೇಟಿಯಲ್ಲಿ 70,000ಕ್ಕೆ ಒಪ್ಪಂದವಾಯಿತು. ಹೋರಾಡಿದ್ದರೆ ಹೆಚ್ಚು ಸಿಗುತ್ತಿತ್ತೋ, 20,000ಕ್ಕೇ ನಿಲ್ಲುತ್ತಿತ್ತೋ. ಬೆಲೆಬಾಳುವುದನ್ನು ಸೂಟ್‌ಕೇಸಿಗೆ ಹಾಕಿದ ತಪ್ಪು ನನ್ನ ತಲೆಯ ಮೇಲಿದ್ದುದರಿಂದ ಪಣ ಕಟ್ಟುವ ಮನಸ್ಸಾಗಲಿಲ್ಲ. ನನ್ನ ತಮ್ಮ ಇಂದಿಗೂ ನಾನು ಬೇಗ ಸೋತೆ ಎನ್ನುತ್ತಾನೆ.

ಈಗ ನಾವು ಬೆಲೆಬಾಳುವುದನ್ನು ಕ್ಯಾಬಿನ್ ಚೀಲದೊಳಗೆ ಇನ್ನೊಂದು ಸಣ್ಣ ಬಟ್ಟೆಚೀಲದಲ್ಲಿ ಇಡುತ್ತೇವೆ. ವಿಮಾನ ತುಂಬಿದ್ದರೆ ಗೇಟಿನಲ್ಲೇ ಕ್ಯಾಬಿನ್ ಚೀಲಕ್ಕೆ ಟ್ಯಾಗ್ ಕಟ್ಟಿ ಕೆಳಗೆ ಸಾಗಿಸುತ್ತಾರೆ, ಆಗ ಒಳಚೀಲವನ್ನು ಸರಕ್ಕನೆ ಎಳೆದುಕೊಳ್ಳಬಹುದು. ಜಿಪ್ಪಿನ ಸೂಟ್‌ಕೇಸನ್ನು ಮಗಳಿಗೆ ಕೊಟ್ಟು, ಕ್ಲಿಪ್ಪು ಮುಚ್ಚುವ ಗಟ್ಟಿ ಪೆಟ್ಟಿಗೆ ಕೊಂಡೆ.

ಕಳೆದ ದೀಪಾವಳಿಗೆ ಹೊಸ ಬೆಳ್ಳಿ ದೀಪಗಳನ್ನು ಕೈಯಲ್ಲೇ ಹಿಡಿದು ಮಗನ ಮನೆಗೆ ಹೋದೆವು. ಮೈಸೂರು ಪಾಕ್ ಈ ಸಲ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಬೆಲ್ಟಿನ ಹತ್ತಿರ ನನ್ನಾಕೆ ಪೆಟ್ಟಿಗೆಯನ್ನು ಎತ್ತಿ, ಒಂದು ಕ್ಷಣ ಹಾಗೆಯೇ ತೂಗಿ ನೋಡಿ, "ಸರಿ ಇದೆ" ಎಂದಳು. ಸಂಜೆ ತೆರೆದರೆ ಮೈಸೂರು ಪಾಕ್ ಪೂರಾ ಪುಡಿ. ಸೊಸೆ ಅದನ್ನು ಚಮಚದಲ್ಲಿ ಬಡಿಸಿದಳು.