ಸರಳ ಸಮೀಕರಣ ಬಿಡಿಸುವ ಕ್ರಮ

3ಯ + 7 = 22 ಎಂಬ ಸಮೀಕರಣದಲ್ಲಿ ‘ಯ’ ಎಂಬುದು ನಾವು ಕಂಡುಹಿಡಿಯಬೇಕಾದ ಸಂಖ್ಯೆ. ಶಾಲೆಯ ಪುಸ್ತಕಗಳು ಈ ಜಾಗದಲ್ಲಿ ಇಂಗ್ಲಿಷ್ ಅಕ್ಷರವನ್ನು ಬಳಸುತ್ತವೆ. ಆದರೆ 12ನೆಯ ಶತಮಾನದ ಭಾಸ್ಕರಾಚಾರ್ಯರು ಅಜ್ಞಾತ ಸಂಖ್ಯೆಯನ್ನು ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂದು ಕರೆದು ‘ಯಾ’ ಎಂದು ಚುಟುಕಾಗಿ ಬರೆಯುತ್ತಿದ್ದುದರಿಂದ, ಈ ಅಕ್ಷರಕ್ಕೂ ಬೀಜಗಣಿತದಲ್ಲಿ ಹಳೆಯ ಹಕ್ಕಿದೆ.

ಸಮೀಕರಣವನ್ನು ತಕ್ಕಡಿಯೆಂದು ಭಾವಿಸಿ. ಎಡತಟ್ಟೆಯಲ್ಲಿ ಒಂದೇ ತೂಕದ 3 ಅಕ್ಕಿ ಚೀಲಗಳೂ 7 ಕಿಲೋ ಬಟ್ಟುಗಳೂ, ಬಲತಟ್ಟೆಯಲ್ಲಿ 22 ಕಿಲೋ ಬಟ್ಟುಗಳೂ ಇದ್ದು ಮುಳ್ಳು ನೆಟ್ಟಗೆ ನಿಂತಿದೆ. ಎಡದಿಂದ 7 ಕಿಲೋ ತೆಗೆದರೆ ಬಲದಿಂದಲೂ ಅಷ್ಟನ್ನೇ ತೆಗೆಯಬೇಕು; ಆಗ 3ಯ = 15 ಉಳಿಯುತ್ತದೆ. ಎರಡೂ ಬದಿಗಳನ್ನು 3ರಿಂದ ಭಾಗಿಸಿದರೆ ಯ = 5. ಪಠ್ಯಪುಸ್ತಕದ ‘ಪಕ್ಷಾಂತರ’, ಅಂದರೆ ಒಂದು ಪದವನ್ನು ಸಮಚಿಹ್ನೆಯ ಆಚೆ ಬದಿಗೆ ಒಯ್ಯುವುದು, ಈ ಕೆಲಸದ ಅಡ್ಡದಾರಿಯಷ್ಟೇ. ರಾಜಕೀಯದಲ್ಲಿರುವಂತೆ ಇಲ್ಲಿಯೂ ಪಕ್ಷ ದಾಟಿದ ಪದ ಬಣ್ಣ ಬದಲಿಸುತ್ತದೆ, ಆದರೆ ನಿಯಮಬದ್ಧವಾಗಿ: ಕೂಡಿದ್ದು ಕಳೆಯುವುದಾಗುತ್ತದೆ, ಗುಣಿಸಿದ್ದು ಭಾಗಿಸುವುದಾಗುತ್ತದೆ. ಕಾರಣವನ್ನು ತಿಳಿಯದೆ ಬಾಯಿಪಾಠ ಮಾಡಿದ ವಿದ್ಯಾರ್ಥಿ 3ಯ = 15 ಎಂಬಲ್ಲಿ ಯ = 15 − 3 ಎಂದು ಬರೆದುಬಿಡುತ್ತಾನೆ.

ಅಂಕಗಳು ಹೆಚ್ಚು ಸೋರಿಹೋಗುವುದು ಆವರಣದ ಬಳಿ. ಈ ಲೆಕ್ಕವನ್ನು ನೋಡಿ:

5(ಯ − 3) − 2(ಯ − 4) = 20

ಮೊದಲು ಆವರಣಗಳನ್ನು ಬಿಡಿಸಬೇಕು. ಎರಡನೆಯ ಆವರಣದ ಹಿಂದಿರುವುದು ಬರಿಯ 2 ಅಲ್ಲ, −2. ಅದು ಒಳಗಿನ ಎರಡೂ ಪದಗಳನ್ನು ಗುಣಿಸುತ್ತದೆ, ಹಾಗಾಗಿ −2 × −4 ಎಂಬುದು +8 ಆಗುತ್ತದೆ.

5ಯ − 15 − 2ಯ + 8 = 20
3ಯ − 7 = 20
3ಯ = 27
ಯ = 9

ಇಲ್ಲಿ +8ರ ಬದಲು −8 ಬರೆದವರಿಗೆ 3ಯ = 43 ಬಂದು, ಉತ್ತರ ಭಿನ್ನರಾಶಿಯಾಗುತ್ತದೆ. ಭಿನ್ನರಾಶಿ ಬಂದ ಮಾತ್ರಕ್ಕೆ ತಪ್ಪೆಂದು ತೀರ್ಮಾನಿಸಲಾಗದು, ಆದ್ದರಿಂದ ತಾಳೆ ನೋಡಲೇಬೇಕು. ಮೂಲ ಸಮೀಕರಣದಲ್ಲಿ 9 ಇಟ್ಟರೆ 5 × 6 − 2 × 5 = 30 − 10 = 20, ಸರಿಹೊಂದಿತು. ತಾಳೆಯನ್ನು ಯಾವಾಗಲೂ ಮೊದಲ ಸಾಲಿನಲ್ಲೇ ನೋಡಬೇಕು. ನಡುವಿನ ಸಾಲಿನಲ್ಲಿ ನೋಡಿದರೆ ಅದಕ್ಕೂ ಹಿಂದೆ ನುಸುಳಿದ ತಪ್ಪು ಸಿಗುವುದಿಲ್ಲ.

ಛೇದಗಳಿದ್ದರೆ ಅವುಗಳ ಲ.ಸಾ.ಅ.ದಿಂದ (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಆ ಛೇದಗಳೆಲ್ಲವುಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಪ್ರತಿಯೊಂದು ಪದವನ್ನೂ ಗುಣಿಸಿ. ಯ/2 + ಯ/3 = 10 ಎಂಬುದನ್ನು 6ರಿಂದ ಗುಣಿಸಿದರೆ 3ಯ + 2ಯ = 60, ಅಂದರೆ ಯ = 12. ಬಲಭಾಗದ 10ನ್ನು ಗುಣಿಸಲು ಮರೆಯುವವರು ಬಹಳ.

ಹೇಳಿಕೆ ಲೆಕ್ಕಗಳಲ್ಲಿ ಬಿಡಿಸುವುದಕ್ಕಿಂತ ಬರೆದುಕೊಳ್ಳುವುದೇ ಕಷ್ಟ. ತಾಯಿಯ ವಯಸ್ಸು ಮಗಳ ವಯಸ್ಸಿನ 3 ಪಟ್ಟು, 10 ವರ್ಷಗಳ ನಂತರ 2 ಪಟ್ಟು ಎಂದಿದ್ದರೆ, ಮಗಳ ಈಗಿನ ವಯಸ್ಸನ್ನು ‘ಯ’ ಎಂದಿಟ್ಟುಕೊಂಡು 3ಯ + 10 = 2(ಯ + 10) ಎಂದು ಬರೆಯಬೇಕು. ಮಗಳಿಗೆ 10, ತಾಯಿಗೆ 30 ಎಂಬ ಉತ್ತರ ಸಿಗುತ್ತದೆ. ತಾಯಿಗೆ ಮಾತ್ರ 10 ವರ್ಷ ಕೂಡಿಸಿ, ಮಗಳಿಗೆ ಕೂಡಿಸದೆ 3ಯ + 10 = 2ಯ ಎಂದು ಬರೆದರೆ ಮಗಳ ವಯಸ್ಸು −10 ಬರುತ್ತದೆ; ಆಗ ಲೆಕ್ಕವನ್ನು ತಿದ್ದಲು ಹೋಗದೆ ಪ್ರಶ್ನೆಯನ್ನೇ ಮತ್ತೊಮ್ಮೆ ಓದಿ.