ಬಾಲ ಹಿಡಿಯೋದು ಬಿಟ್ಟ ಮೇಲೆ ಪ್ಲಸ್ ಮೇಜ್ ಸರಿಹೋಯಿತು

ಆತಂಕ ಇಳಿಸುವ ಡಯಾಜೆಪಾಮ್ ಔಷಧ ಕೊಟ್ಟರೂ ಇಲಿಗಳ ಪ್ಲಸ್ ಮೇಜ್‌ನಲ್ಲಿ ವ್ಯತ್ಯಾಸ ಕಾಣ್ತಿಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ಲಸ್ ಮೇಜ್ ಅಂದರೆ ನೆಲದಿಂದ ಎತ್ತರದಲ್ಲಿರುವ, ಪ್ಲಸ್ ಆಕಾರದ ಹಾದಿ: ಎರಡು ತೋಳುಗಳಿಗೆ ಗೋಡೆ ಇಲ್ಲ (ಓಪನ್ ಆರ್ಮ್), ಎರಡಕ್ಕೆ ಇದೆ (ಕ್ಲೋಸ್ಡ್ ಆರ್ಮ್). ಆತಂಕ ಕಡಿಮೆಯಾದಷ್ಟೂ ಇಲಿ ಓಪನ್ ಆರ್ಮ್‌ನಲ್ಲಿ ಹೆಚ್ಚು ಹೊತ್ತು ಇರಬೇಕು. ನಮ್ಮಲ್ಲೂ ಹೆಚ್ಚುಕಡಿಮೆ ಒಂದು ವರ್ಷ ಇದೇ ಗೋಳು. ಬರೀ ವೆಹಿಕಲ್ (ಔಷಧ ಬೆರೆಸದ ದ್ರಾವಣ) ಕೊಟ್ಟ ಇಲಿಗಳು ಓಪನ್ ಆರ್ಮ್ ಕಡೆ ಮೂತಿಯನ್ನೇ ಹಾಕುತ್ತಿರಲಿಲ್ಲ. ಐದು ನಿಮಿಷದಲ್ಲಿ ಹತ್ತು ಸೆಕೆಂಡ್ ಹೊರಗಿದ್ದರೆ ಅದೇ ಜಾಸ್ತಿ. ದೇಹತೂಕದ ಕಿಲೋಗೆ 1 ಮಿಲಿಗ್ರಾಂ ಡಯಾಜೆಪಾಮ್ ಕೊಟ್ಟರೂ ಅದೇ ಕಥೆ. 2 ದಾಟಿಸಿದರೆ ತೂಕಡಿಕೆ. ಕ್ಲೋಸ್ಡ್ ಆರ್ಮ್ ಎಂಟ್ರಿಯೂ ಬಿದ್ದುಹೋದರೆ ಅಳೆದದ್ದು ನಿದ್ದೆಯನ್ನೇ ಹೊರತು ಆತಂಕವನ್ನಲ್ಲ.

ಗೊತ್ತಿರುವ ಔಷಧದ ಪರಿಣಾಮವೇ ಕಾಣದ ಮೇಜ್‌ನಲ್ಲಿ ಹೊಸ ಕಾಂಪೌಂಡ್ ಹಾಕಿ ನೋಡಿ ಏನು ಪ್ರಯೋಜನ, ಅಲ್ವಾ?

ಅಷ್ಟರಲ್ಲಿ ದುಡ್ಡು ನೀರಿನಂತೆ ಹರಿದಿತ್ತು. ಹೊಸ ಕ್ಯಾಮೆರಾ, ಟ್ರ್ಯಾಕಿಂಗ್ ಸಾಫ್ಟ್‌ವೇರ್‌ಗೆ ಲೈಸೆನ್ಸ್, ಇನ್ನೊಂದು ಮೇಜ್. ಸಲಕರಣೆಗೆಂದು ಗ್ರಾಂಟಿನಲ್ಲಿದ್ದ ಹಣದಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು, ಫಲಿತಾಂಶ ಕದಲಲಿಲ್ಲ. ತಳಿ ಬದಲಾಯಿಸಿ ಎಂದರು. ಸಿ57 ಕಪ್ಪಿಲಿ ಬಿಟ್ಟು ಬಾಲ್ಬ್-ಸಿ ಬಿಳಿ ಇಲಿ ತರಿಸಿದೆವು. ಅವು ಹುಟ್ಟಾ ಇನ್ನೂ ಪುಕ್ಕಲು. ಆ ಬ್ಯಾಚ್ ಪೂರ್ತಿ ವ್ಯರ್ಥ. ಹಣಕ್ಕಿಂತ ಅಷ್ಟು ಜೀವ ಸುಮ್ನೆ ಹೋದದ್ದೇ ನನ್ನನ್ನು ಹೆಚ್ಚು ಕಾಡಿತು.

ಬಾಲ ಹಿಡಿದು ಎತ್ತಿದರೆ ಇಲಿಯ ಆತಂಕ ಹೆಚ್ಚುತ್ತದೆ, ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದರೆ ಇಳಿಯುತ್ತದೆ ಎಂದು ಸಂಶೋಧಕರಾದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲೇ ತೋರಿಸಿದ್ದರು. ನಮ್ಮ ಗುಂಪಿನಲ್ಲಿ ಇದನ್ನು ಎತ್ತಿದರೆ ಯಾರೂ ಒಪ್ಪಲಿಲ್ಲ. ಟೈಮ್ ಸಾಲಲ್ಲ ಎಂದರು. ಹೇಗೂ ಇಂಜೆಕ್ಷನ್‌ಗೆ ಕತ್ತು ಹಿಡಿಯಲೇಬೇಕು, ಆಗ ಎಲ್ಲ ಹಾಳು ಎಂದರು. ನಾನು ಪಟ್ಟು ಬಿಡಲಿಲ್ಲ.

ಸುಮಾರು 5 ಸೆಂಟಿಮೀಟರ್ ಅಗಲದ ಪಾರದರ್ಶಕ ಅಕ್ರಿಲಿಕ್ ಕೊಳವೆ, ಗೇಣಿಗಿಂತ ಚಿಕ್ಕದು. ಕ್ಯಾಮೆರಾ ಬೆಲೆಯ ಮುಂದೆ ಇದರ ಖರ್ಚು ಲೆಕ್ಕಕ್ಕೇ ಇಲ್ಲ. ಪಂಜರಕ್ಕೊಂದರಂತೆ ಒಳಗೇ ಬಿಟ್ಟೆ. ಕೊಳವೆಯನ್ನು ಗೋಡೆಗೆ ಒತ್ತಿ ಹಿಡಿಯಬೇಕು, ಇನ್ನೊಂದು ಕೈಯನ್ನು ಇಲಿಯ ಹಿಂದೆ ನಿಧಾನವಾಗಿ ತರಬೇಕು. ತಾನಾಗಿ ಒಳಗೆ ಹೋಗುತ್ತದೆ. ಎರಡೂ ತುದಿಗೆ ಅಂಗೈ ಅಡ್ಡ ಹಿಡಿದು ಅರ್ಧ ನಿಮಿಷ ಎತ್ತಿಕೊಂಡು, ಬಿಟ್ಟು, ಮತ್ತೆ ಎತ್ತಬೇಕು. ಒಂದು ವಾರ, ಹತ್ತು ದಿನ ಹೀಗೆ ಮಾಡಿದರೆ ಕೈ ಇಟ್ಟ ಕೂಡಲೇ ಇಲಿಯೇ ಬಂದು ಮೀಸೆ ಆಡಿಸಿ ಮೂಸುತ್ತದೆ. ಮೇಜ್ ನಡುವೆ ಇಳಿಸುವಾಗ ಕೊಳವೆ ಎಷ್ಟು ವಾಲಿಸಬೇಕು ಅನ್ನುವುದರಲ್ಲೂ ಒಂದು ಕೈಚಳಕ ಇದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೀಗೆ ಕೊಳವೆ ಅಭ್ಯಾಸವಾದ ಇಲಿಗಳಲ್ಲಿ ವೆಹಿಕಲ್ ಗುಂಪು ಓಪನ್ ಆರ್ಮ್‌ನಲ್ಲಿ ಶೇ. 15-20ರಷ್ಟು ಸಮಯ ಕಳೆಯಿತು. 1 ಮಿಲಿಗ್ರಾಂ ಡಯಾಜೆಪಾಮ್ ಗುಂಪು ಶೇ. 35ರ ಆಸುಪಾಸು. ಕ್ಲೋಸ್ಡ್ ಎಂಟ್ರಿ ಎರಡರಲ್ಲೂ ಒಂದೇ. ಇಂಜೆಕ್ಷನ್‌ನಿಂದ ಏನೂ ಹಾಳಾಗಲಿಲ್ಲ.

ಬೆಳಕನ್ನೂ 100 ಲಕ್ಸ್ ಹತ್ತಿರಕ್ಕೆ ಇಳಿಸಿದ್ದೆ, ಹಾಗಾಗಿ ಬೆಳಕಿನದೇ ಪ್ರಭಾವ ಎಂದು ಕೆಲವರು ವಾದಿಸಿದರು. ಅದೇ ಬೆಳಕಿನಲ್ಲಿ ಬಾಲ ಹಿಡಿದು ಎತ್ತಿದ ಇಲಿಗಳನ್ನೂ ಓಡಿಸಿ ತೋರಿಸಿದೆ. ಅವು ಅಲ್ಪಸ್ವಲ್ಪ ಸುಧಾರಿಸಿದವು, ಅಷ್ಟೇ. ಕುತೂಹಲಕ್ಕೆ ಕೊಳವೆ ಅಭ್ಯಾಸದ ಆ ಇಲಿಗಳನ್ನು ಎರಡನೇ ಸಲ ಮೇಜ್‌ಗೆ ಬಿಟ್ಟೆ. ಡಯಾಜೆಪಾಮ್ ಪರಿಣಾಮ ಮಾಯ. ಹಳಬರು ಹೇಳುವುದು ನಿಜ, ಒಂದು ಇಲಿಗೆ ಒಂದೇ ಸಲ. ಆತಂಕ ಅಳೆಯುವ ಇನ್ನೊಂದು ಪರೀಕ್ಷೆಯಾಗಿ, ಕುಡಿಯುವ ನೀರಿನಲ್ಲಿ ಮೂರು ವಾರ ಖಿನ್ನತೆಯ ಔಷಧ ಫ್ಲುಆಕ್ಸೆಟಿನ್ ಕೊಟ್ಟು, ಹೊಸ ಜಾಗದಲ್ಲಿ ಆಹಾರ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದೂ ನೋಡಿದೆ. ಕೊಳವೆ ಅಭ್ಯಾಸದ ಇಲಿಗಳಲ್ಲಿ ಅಂಕಿಗಳ ಏರಿಳಿತ ಬಹಳ ಕಡಿಮೆ.

ಒಂದು ಬ್ಯಾಚಿಗೆ ಒಬ್ಬರೇ ಕೈ ಹಾಕಿ, ಕೈ ಬದಲಾದರೆ ವಾಸನೆಯೂ ಬದಲಾಗುತ್ತದೆ. ಗಂಡಸರ ವಾಸನೆಯೇ ಇಲಿಗಳಿಗೆ ಒತ್ತಡ ತರುತ್ತದೆ ಎಂದು 2014ರಲ್ಲಿ ಪ್ರಕಟವಾಗಿದೆ.

ಮೊದಲು ಗುಂಪಿಗೆ 20 ಇಲಿ ಕೇಳುತ್ತಿದ್ದೆವು. ಈಗ 10-12 ಸಾಕಾಗುತ್ತಿದೆ. ಹೊಸ ಕಾಂಪೌಂಡಿನ ಮೊದಲ ಬ್ಯಾಚ್ ಇದೇ ಲೆಕ್ಕದಲ್ಲಿ ಓಡುತ್ತಿದೆ, ಟೈಮ್ ಸಾಲಲ್ಲ ಎಂದಿದ್ದವರೇ ಕೊಳವೆ ಹಿಡಿದಿದ್ದಾರೆ.