ಲಿಗ್ನೋಕೇನ್‌ಗೆ ಸೋಡಾ ಬೈಕಾರ್ಬ್: ಎಪಿಡ್ಯೂರಲ್ ಬೇಗ ಏರಬೇಕಾದಾಗ

ಹೆರಿಗೆ ನೋವಿಗೆಂದು ಹಾಕಿದ ಎಪಿಡ್ಯೂರಲ್ ಕ್ಯಾತಿಟರ್ (ಬೆನ್ನುಹುರಿಯ ಪೊರೆಯ ಹೊರಗಿನ ಜಾಗಕ್ಕೆ ಔಷಧ ಒಯ್ಯುವ ಸಣ್ಣ ನಳಿಕೆ) ಬೆನ್ನಲ್ಲಿದೆ, ಈಗ ತುರ್ತಾಗಿ ಸಿಸೇರಿಯನ್ ಆಗಬೇಕು. ಇಂಥ ಟಾಪ್-ಅಪ್‌ಗೆ, ಅಂದರೆ ಅದೇ ಕ್ಯಾತಿಟರ್‌ನಲ್ಲಿ ಕೊಡುವ ಹೆಚ್ಚುವರಿ ಡೋಸ್‌ಗೆ, ನಾನು ಬಳಸುವುದು ಮರಗಟ್ಟಿಸುವ ಔಷಧವಾದ 2% ಲಿಗ್ನೋಕೇನ್, ಅಡ್ರಿನಲಿನ್ ಮತ್ತು ಸೋಡಾ ಬೈಕಾರ್ಬ್. ಅನಸ್ತೇಶಿಯಾ ಕಲಿಯುತ್ತಿರುವ ನಮ್ಮ ಕಿರಿಯರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ವಿಭಾಗದ ಪ್ರೋಟೋಕಾಲ್ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಮೊದಲು ಕ್ಯಾತಿಟರ್ ನೋಡಿ. ಇಷ್ಟು ಹೊತ್ತು ನೋವು ಎರಡೂ ಕಡೆ ಸರಿಯಾಗಿ ಇಳಿದಿತ್ತೇ? ಒಂದೇ ಮಗ್ಗುಲು ಮರಗಟ್ಟುತ್ತಿದ್ದ, ಪದೇ ಪದೇ ಡೋಸ್ ಕೇಳುತ್ತಿದ್ದ ಕ್ಯಾತಿಟರ್‌ಗೆ ಬೈಕಾರ್ಬ್ ಜೀವ ತುಂಬುವುದಿಲ್ಲ.

ಬೈಕಾರ್ಬ್ ಯಾಕೆ? ಅಡ್ರಿನಲಿನ್ ಕೆಡದಿರಲೆಂದು ರೆಡಿಮೇಡ್ ಮಿಶ್ರಣವನ್ನು ಕಂಪನಿಯವರು ಆಮ್ಲೀಯವಾಗಿ ಇಟ್ಟಿರುತ್ತಾರೆ, ಪಿಎಚ್ 4ರ ಆಸುಪಾಸು. ಲಿಗ್ನೋಕೇನ್‌ನ ಪಿಕೆಎ 7.9. ಪಿಎಚ್ ಅಷ್ಟಿದ್ದರೆ ಅಣುಗಳಲ್ಲಿ ಅರ್ಧದಷ್ಟು ವಿದ್ಯುದಾವೇಶವಿಲ್ಲದೆ ಇರುತ್ತವೆ; 4.9ಕ್ಕೆ ಇಳಿದರೆ ಸಾವಿರಕ್ಕೆ ಒಂದು. ನರದ ಪೊರೆ ದಾಟುವುದು ಆವೇಶವಿಲ್ಲದ ಅಣುವೇ. ಒಳಗೆ ಹೋದ ಮೇಲೆ ಅದು ಮತ್ತೆ ಆವೇಶ ಪಡೆದು ಸೋಡಿಯಂ ಚಾನಲ್ ಮುಚ್ಚುತ್ತದೆ. ದೇಹವೇ ನಿಧಾನವಾಗಿ ಮಾಡುವ ಪಿಎಚ್ ತಿದ್ದುಪಡಿಯನ್ನು ನಾವು ಸಿರಿಂಜ್‌ನಲ್ಲೇ ಮಾಡಿ ಕೊಡುತ್ತೇವೆ, ಅಷ್ಟೇ. ಇದರಿಂದ ಉಳಿತಾಯವಾಗುವುದು ಕೆಲವೇ ನಿಮಿಷ. ಬೈಕಾರ್ಬ್ ಆಂಪೂಲ್ ಹುಡುಕುವುದರಲ್ಲೇ ಆ ನಿಮಿಷಗಳು ಹೋದರೆ ಏನು ಬಂತು? ಲೇಬರ್ ವಾರ್ಡ್ ಟ್ರಾಲಿಯಲ್ಲಿ ಅದು ಎಲ್ಲಿದೆ ಅಂತ ಡ್ಯೂಟಿ ಶುರುವಾದಾಗಲೇ ನೋಡಿಡಿ.

ಅಳತೆ: 10 ಮಿಲೀ ಲಿಗ್ನೋಕೇನ್‌ಗೆ 8.4% ಬೈಕಾರ್ಬ್ 1 ಮಿಲೀ. 20ರ ಸಿರಿಂಜ್‌ನಲ್ಲಿ 18 ಮಿಲೀ ಲಿಗ್ನೋಕೇನ್, 1.8 ಮಿಲೀ ಬೈಕಾರ್ಬ್ ಸರಿಯಾಗಿ ಕೂರುತ್ತದೆ. ಪ್ರಿಸರ್ವೇಟಿವ್ ಇಲ್ಲದ ಲಿಗ್ನೋಕೇನ್ ಮಾತ್ರ. ಅಡ್ರಿನಲಿನ್ 2 ಲಕ್ಷಕ್ಕೆ 1, ಅಂದರೆ ಮಿಲೀಗೆ 5 ಮೈಕ್ರೋಗ್ರಾಂ. ಪ್ರತಿ ಆಂಪೂಲ್‌ನ ಹೆಸರನ್ನೂ ಗಟ್ಟಿಯಾಗಿ ಓದಿ, ಇನ್ನೊಬ್ಬರು ಕೇಳಿಸಿಕೊಳ್ಳಲಿ. ಬೆನ್ನಿಗೆ ತಪ್ಪು ಔಷಧ ಹೋದರೆ ವಾಪಸ್ ತೆಗೆಯಲಾಗದು. ಕಲಸುವುದು ಕೊಡುವ ಮುಂಚೆ ಮಾತ್ರ. ಪಿಎಚ್ ಏರಿದ ಮೇಲೆ ಅಡ್ರಿನಲಿನ್ ಬೇಗ ಹಾಳಾಗುತ್ತದೆ. ಸಿರಿಂಜ್‌ಗೆ ಲೇಬಲ್ ಹಚ್ಚಿ, ಬೆಳಕಿಗೆ ಹಿಡಿದು ನೋಡಿ. ಬಿಳಿ ಕದಡು ಕಂಡರೆ ಚೆಲ್ಲಿಬಿಡಿ.

ಇದೇ ಅಳತೆಯನ್ನು ಬುಪಿವಕೇನ್‌ಗೆ (ಮರಗಟ್ಟಿಸುವ ಇನ್ನೊಂದು ಔಷಧ) ಹಾಕಬೇಡಿ. ಹಾಲಿನಂತೆ ಒಡೆದು ಕೂರುತ್ತದೆ. ಅದು ತಡೆಯುವುದು 10 ಮಿಲೀಗೆ ಸುಮಾರು 0.1 ಮಿಲೀ ಮಾತ್ರ. ಅವಸರದಲ್ಲಿ ಅಷ್ಟು ಸಣ್ಣ ಅಳತೆಯ ಸಹವಾಸವೇ ಬೇಡ ಅನ್ನುವುದು ನನ್ನ ಮತ. ರೋಪಿವಕೇನ್‌ಗಂತೂ ಬೇಡವೇ ಬೇಡ.

ತೂಕ ಕೇಳಿ. ಮೇಲಿನ ಸಿರಿಂಜ್‌ನಲ್ಲಿರುವುದು 360 ಮಿಗ್ರಾಂ. ಅಡ್ರಿನಲಿನ್ ಜೊತೆಗೆ ಗರಿಷ್ಠ ಕೆಜಿಗೆ 7 ಮಿಗ್ರಾಂ, ಹಾಗಾಗಿ 50 ಕೆಜಿಯವರಿಗೆ ಇಡೀ ಸಿರಿಂಜ್ ಹೆಚ್ಚಾಯಿತು. ಹಿಂದಿನ ಗಂಟೆಗಳಲ್ಲಿ ಹೋದ ಬುಪಿವಕೇನ್ ಕೂಡ ಲೆಕ್ಕಕ್ಕಿದೆ.

ಕೊಡುವಾಗ ಮೊದಲು ಹಿಂದಕ್ಕೆಳೆದು ರಕ್ತವೋ ಸಿಎಸ್‌ಎಫೋ (ಬೆನ್ನುಹುರಿಯ ಸುತ್ತಲಿನ ದ್ರವ) ಬರುತ್ತದೆಯೇ ನೋಡಿ. ಆಮೇಲೆ 3 ಮಿಲೀ ಕೊಟ್ಟು ಕಾಯಿರಿ: ಎದೆಬಡಿತ ಏರಿತೇ, ಕಿವಿಯಲ್ಲಿ ಗುಂಯ್ ಅಂತಿದೆಯೇ, ಕಾಲು ಒಮ್ಮೆಲೇ ಸೋತಿತೇ? ಏನೂ ಇಲ್ಲದಿದ್ದರೆ 5 ಮಿಲೀಯಂತೆ ಬಿಟ್ಟು ಬಿಟ್ಟು ಕೊಡಿ, ಪ್ರತಿ ಸಲವೂ ಹಿಂದಕ್ಕೆಳೆದು ನೋಡಿಯೇ. ಮೊದಲ ಮಿಲೀ ಒಳಗೆ ಹೋದಲ್ಲಿಂದ ತಾಯಿಯನ್ನು ಬಿಟ್ಟು ಕದಲಬೇಡಿ. ಬ್ಲಾಕ್ (ಮರಗಟ್ಟುವಿಕೆ) ಬೇಗ ಏರಿದರೆ ಬಿಪಿಯೂ ಬೇಗ ಇಳಿಯುತ್ತದೆ. ಬಿಪಿ ಏರಿಸುವ ಫಿನೈಲ್ಎಫ್ರಿನ್ ಕೈಗೆ ಸಿಗುವಂತಿರಲಿ, ಲಿಗ್ನೋಕೇನ್ ವಿಷವೇರಿದರೆ ಬೇಕಾಗುವ 20% ಲಿಪಿಡ್ ಎಮಲ್ಷನ್ ಕೋಣೆಯಲ್ಲೇ ಇರಲಿ.

ಚಾಕು ಇಡುವ ಮುಂಚೆ ಎರಡೂ ಕಡೆ ತಣ್ಣಗಿನ ಸ್ಪರ್ಶ ಟಿ4ರವರೆಗೂ (ಎದೆಯ ನಾಲ್ಕನೇ ನರದ ಮಟ್ಟ, ಮೊಲೆತೊಟ್ಟಿನ ಎತ್ತರ), ಹಗುರ ಸ್ಪರ್ಶ ಕನಿಷ್ಠ ಟಿ5ರವರೆಗೂ ಗೊತ್ತಾಗಬಾರದು. ಬ್ಲಾಕ್ ಏರದೆ ನಿಂತಿದೆಯೋ, ಇನ್ನಷ್ಟು ಸುರಿಯಬೇಡಿ. ಹಿರಿಯರನ್ನು ಕರೆಯಿರಿ, ಸ್ಪೈನಲ್ಲೋ (ಸಿಎಸ್‌ಎಫ್‌ಗೇ ಕೊಡುವ ಚುಚ್ಚುಮದ್ದು) ಜನರಲ್ಲೋ (ಪೂರ್ತಿ ಪ್ರಜ್ಞೆ ತಪ್ಪಿಸುವುದು) ಅಲ್ಲೇ ತೀರ್ಮಾನವಾಗಲಿ. ಈಗಾಗಲೇ ತುಂಬಿರುವ ಎಪಿಡ್ಯೂರಲ್ ಜಾಗದ ಮೇಲೆ ಸ್ಪೈನಲ್ ಕೊಟ್ಟರೆ ಅದು ನಿರೀಕ್ಷೆಗಿಂತ ಮೇಲೆ ಹೋಗಬಹುದು. ಆದ್ದರಿಂದ ಎಷ್ಟು ಮಿಲೀ ಕೊಟ್ಟಿರಿ, ಯಾವಾಗ ಕೊಟ್ಟಿರಿ ಅನ್ನುವುದು ಚಾರ್ಟ್‌ನಲ್ಲಿ ಅಷ್ಟೊತ್ತಿಗೆ ಬರೆದಿರಬೇಕು.